ಮಾತು ಹೋದ ಮೇಲೆ ಬರೆದದ್ದು

ಥೈರಾಯ್ಡ್ ಆಪರೇಷನ್ ಆಗಿ ಗಚ್ಚಿಬೌಲಿಯ ಮನೆಯಲ್ಲಿ ಎರಡು ವಾರ ಮಾತಿಲ್ಲದೆ ಕೂತಿದ್ದೆ. ಹಾವೇರಿಯಿಂದ ಅಮ್ಮ ಫೋನ್ ಮಾಡಿದರೆ, ಹೂಂ ಅನ್ನಲು ಒಮ್ಮೆ ಫೋನ್ ತಟ್ಟುತ್ತಿದ್ದೆ. ಆಫೀಸ್ ಮೀಟಿಂಗಿನಲ್ಲಿ ನಾನು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತಿತ್ತು. ಆ ದಿನಗಳಲ್ಲಿ ಓದಿದ್ದು ರೋಜರ್ ಈಬರ್ಟ್ ಅವರ ಬದುಕು.

1967ರಿಂದ ಶಿಕಾಗೋ ಸನ್-ಟೈಮ್ಸ್ ಪತ್ರಿಕೆಯ ಸಿನಿಮಾ ವಿಮರ್ಶಕ. 1975ರಲ್ಲಿ ಪುಲಿಟ್ಜರ್ ಬಂತು; ಸಿನಿಮಾ ವಿಮರ್ಶಕರೊಬ್ಬರಿಗೆ ಅದೇ ಮೊದಲು. ಟಿವಿಯಲ್ಲಿ ಜೀನ್ ಸಿಸ್ಕೆಲ್ ಜೊತೆ ಜಗಳವಾಡುತ್ತಲೇ ಮನೆಮಾತಾದರು. ಮಾತೇ ಅವರ ಅರ್ಧ ಕಸುಬು ಅನ್ನಿ.

2002ರಲ್ಲಿ ಥೈರಾಯ್ಡ್ ಕ್ಯಾನ್ಸರ್. 2006ರಲ್ಲಿ ದವಡೆಯ ಒಂದು ಭಾಗ ತೆಗೆದ ಮೇಲೆ ಕುತ್ತಿಗೆಯ ರಕ್ತನಾಳ ಒಡೆದು ಸಾವಿನ ಬಾಗಿಲಿಗೆ ಹೋಗಿ ಬಂದರು. ಜೀವ ಉಳಿಯಿತು. ಮಾತು, ಊಟ, ನೀರು ಮೂರೂ ಬಾಯಿಗೆ ಎರವಾದವು. 2007ರ ಏಪ್ರಿಲ್‌ನಲ್ಲಿ, ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗಲೇ, ಕುತ್ತಿಗೆಗೆ ಬ್ಯಾಂಡೇಜ್ ಸುತ್ತಿಕೊಂಡು ತಮ್ಮದೇ ಚಿತ್ರೋತ್ಸವಕ್ಕೆ ಬಂದರು. ಅವರ ಪರವಾಗಿ ಹೆಂಡತಿ ಚಾಜ್ ಮಾತಾಡಿದರು. ವಿಮರ್ಶೆ ಮತ್ತೆ ಶುರುವಾಯಿತು.

ಸ್ಕಾಟ್ಲೆಂಡಿನ ಕಂಪನಿಯೊಂದು ಅವರ ಹಳೆಯ ರೆಕಾರ್ಡಿಂಗ್‌ಗಳಿಂದ ಕಂಪ್ಯೂಟರಿನಲ್ಲಿ ಅವರದೇ ದನಿ ಕಟ್ಟಿಕೊಟ್ಟಿತು. ಎಂಜಿನಿಯರಾದ ನನಗೆ ಅದೇ ದೊಡ್ಡದೆನಿಸಬೇಕಿತ್ತು. ಆದರೆ ಮನಸ್ಸು ನಿಂತದ್ದು ಇನ್ನೊಂದು ಲೆಕ್ಕದ ಮೇಲೆ: 2012ರ ಒಂದೇ ವರ್ಷದಲ್ಲಿ 300ಕ್ಕೂ ಹೆಚ್ಚು ವಿಮರ್ಶೆ.

ಕ್ಯಾನ್ಸರ್ ಮರಳಿದೆ, ಇನ್ನು ಮುಂದೆ ಕೆಲಸ ಸ್ವಲ್ಪ ಕಡಿಮೆ ಮಾಡುತ್ತೇನೆ ಎಂದು ಓದುಗರಿಗೆ ತಿಳಿಸಿದ್ದು 2013ರ ಏಪ್ರಿಲ್ 2ರಂದು. ತೀರಿಕೊಂಡದ್ದು 4ರಂದು.