ಯೋಚನೆ ಮಾಡಿಯೇ ರೇಡಿಯೋ ರಿಪೇರಿ ಮಾಡಿದ ಹುಡುಗ

ರಿಚರ್ಡ್ ಫೈನ್‌ಮನ್ ಅಂದರೆ ವಿಜ್ಞಾನ ಓದಿದವರಿಗೆಲ್ಲ ಗೊತ್ತಿರುವ ಹೆಸರು. 1965ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಹಂಚಿಕೊಂಡ ಮೂವರಲ್ಲಿ ಇವರೂ ಒಬ್ಬರು. ಆ ಬಹುಮಾನದ ಗಣಿತವನ್ನು ದೊಡ್ಡ ಕ್ಲಾಸಿಗೆ ಹೋದಮೇಲೆ ಓದೋಣ. ಇಲ್ಲಿ ಹೇಳುವುದು ಅವರ ರಿಪೇರಿ ಕಥೆ.

ಫೈನ್‌ಮನ್ 1918ನೇ ಇಸವಿ ಮೇ 11ರಂದು ಅಮೆರಿಕದ ನ್ಯೂಯಾರ್ಕಿನಲ್ಲಿ ಹುಟ್ಟಿದರು. ಬೆಳೆದದ್ದು ಅದೇ ನಗರದ ಸಮುದ್ರದಂಚಿನ ಫಾರ್ ರಾಕವೇ ಎಂಬಲ್ಲಿ. ತಂದೆ ಯೂನಿಫಾರಂ ಬಟ್ಟೆಗಳ ವ್ಯಾಪಾರದಲ್ಲಿದ್ದರು. ಹನ್ನೊಂದು ಹನ್ನೆರಡು ವರ್ಷಕ್ಕೇ ಹುಡುಗ ತನ್ನ ಕೋಣೆಯಲ್ಲೇ ಒಂದು ಪ್ರಯೋಗಶಾಲೆ ಮಾಡಿಕೊಂಡ. ಬ್ಯಾಟರಿ, ಬಲ್ಬು, ತಂತಿ, ಒಂದು ಕ್ರಿಸ್ಟಲ್ ರೇಡಿಯೋ, ಇಷ್ಟೇ ಸಾಮಾನು. ಒಂಬತ್ತು ವರ್ಷ ಚಿಕ್ಕವಳಾದ ತಂಗಿ ಜೋನ್ ಅವನ ಸಹಾಯಕಿ. ಅವಳಿಗೆ ವಾರಕ್ಕೆ ಕೆಲವು ಸೆಂಟ್ ಸಂಬಳ ಬೇರೆ! (ಮುಂದೆ ಅವಳೂ ವಿಜ್ಞಾನಿಯೇ ಆದಳು.)

ಕೆಟ್ಟುಹೋದ ರೇಡಿಯೋಗಳನ್ನು ಹಳೇ ಸಾಮಾನಿನ ಮಾರಾಟದಲ್ಲಿ ಅಗ್ಗಕ್ಕೆ ತಂದು ಬಿಚ್ಚಿ ನೋಡ್ತಿದ್ದ. ಸಣ್ಣ ಕರೆಂಟ್ ಅಳೆಯುವ ಒಂದು ಮೀಟರಿಗೆ ತೆಳು ತಾಮ್ರದ ತಂತಿ ಸೇರಿಸಿ ತಾನೇ ವೋಲ್ಟ್ ಮೀಟರ್ ಮಾಡಿಕೊಂಡಿದ್ದ. ಸೆಟ್ಟಿನ ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಇರಬೇಕು, ಎಷ್ಟಿದೆ ಅಂತ ಒಂದೊಂದೇ ಅಳೆದರೆ ತಪ್ಪು ಎಲ್ಲಿದೆ ಅಂತ ಸಿಕ್ಕಿಬಿಡುತ್ತದೆ. ಆದರೆ ವಾಲ್ವ್ ಸೆಟ್ಟಿನೊಳಗೆ ನೂರಾರು ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ನಿಂತಿರುತ್ತದೆ. ದೊಡ್ಡವರಿಲ್ಲದೆ ಯಾರೂ ಕೈ ಹಾಕಬೇಡಿ.

ಆಗ ಅಮೆರಿಕದಲ್ಲಿ ಭಾರೀ ಆರ್ಥಿಕ ಮುಗ್ಗಟ್ಟಿನ ಕಾಲ. ಜನರ ಕೈಯಲ್ಲಿ ದುಡ್ಡಿಲ್ಲ. ಈ ಹುಡುಗ ಕಡಿಮೆ ದುಡ್ಡಿಗೆ ಮಾಡ್ತಾನೆ ಅಂತ ಕರೀತಿದ್ದರು. ಒಬ್ಬ ಮನುಷ್ಯನ ರೇಡಿಯೋ ಹಚ್ಚಿದ ಕೂಡಲೇ ಕಿವಿ ಒಡೆಯುವಂತೆ ಗದ್ದಲ ಮಾಡ್ತಿತ್ತು. ಸ್ವಲ್ಪ ಹೊತ್ತಾದರೆ ತಾನಾಗೇ ಸರಿಹೋಗಿ ಚೆನ್ನಾಗಿ ಹಾಡ್ತಿತ್ತು. ಹುಡುಗ ಬಂದ, ಒಮ್ಮೆ ಕೇಳಿದ, ಆರಿಸಿದ. ಆಮೇಲೆ ಕೋಣೆಯಲ್ಲಿ ಆ ಕಡೆ ಈ ಕಡೆ ಓಡಾಡತೊಡಗಿದ. ರಿಪೇರಿ ಮಾಡೋ ಬದಲು ಇವನೇನು ವಾಕಿಂಗ್ ಮಾಡ್ತಾನೆ ಅಂತ ಮನೆಯವನಿಗೆ ಸಿಟ್ಟು ಬಂತು.

ಹುಡುಗನ ತಲೆಯಲ್ಲಿ ಓಡ್ತಿದ್ದ ಲೆಕ್ಕ ಇದು. ವಾಲ್ವ್ ಬಿಸಿಯಾದ ಮೇಲೇ ಕೆಲಸ ಮಾಡೋದು. ಮುಂದಿನ ವಾಲ್ವುಗಳು ಆಂಟೆನಾದಿಂದ ಬಂದ ಸಣ್ಣ ಸಂಕೇತವನ್ನು ಹಿಡಿಯುತ್ತವೆ, ಹಿಂದಿನವು ಆಂಪ್ಲಿಫೈಯರ್ ಆಗಿ ಅದನ್ನು ದೊಡ್ಡದು ಮಾಡುತ್ತವೆ. ಬಿಸಿಯಾದ ಮೇಲೆ ಸೆಟ್ಟು ಸರಿಹೋಗುತ್ತದೆ ಅಂದರೆ ತಂತಿ ಏನೂ ಕಡಿದಿಲ್ಲ. ಹಿಂದಿನ ವಾಲ್ವು ಮೊದಲು ಬಿಸಿಯಾಗಿ, ಮುಂದಿನದು ತಡವಾದರೆ? ಆಂಪ್ಲಿಫೈಯರ್ ತಯಾರಾಗಿ ಕೂತಿದೆ, ಮುಂದಿನಿಂದ ಬರಬೇಕಾದ್ದು ಬಂದಿಲ್ಲ, ಸುತ್ತಮುತ್ತಲ ಕಸವನ್ನೇ ದೊಡ್ಡದು ಮಾಡಿ ಗದ್ದಲವೆಬ್ಬಿಸುತ್ತದೆ. ಆ ಕಾಲದ ಸೆಟ್ಟಿನಲ್ಲಿ ವಾಲ್ವುಗಳೆಲ್ಲ ಒಂದೇ ಜಾತಿ. ಹುಡುಗ ಅವುಗಳನ್ನು ಕಿತ್ತು ಹಿಂದಿನದ್ದು ಮುಂದೆ, ಮುಂದಿನದ್ದು ಹಿಂದೆ ಹಾಕಿ ಹಚ್ಚಿದ. ಸದ್ದಿಲ್ಲ! ಬಿಸಿಯಾಗುವವರೆಗೆ ಸುಮ್ಮನಿದ್ದು ಆಮೇಲೆ ಸರಿಯಾಗಿ ಹಾಡಿತು. ಒಂದು ಪೈಸೆಯ ಸಾಮಾನೂ ಹಾಕಿರಲಿಲ್ಲ. ಬೈದಿದ್ದ ಮನುಷ್ಯನೇ ಊರೆಲ್ಲ ಹೊಗಳಿ ಇನ್ನಷ್ಟು ಕೆಲಸ ಕೊಡಿಸಿದ.

ಮುಂದೆ 1942ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಡಾಕ್ಟರೇಟ್, ಆಮೇಲೆ ಲಾಸ್ ಅಲಮೋಸ್‌ನಲ್ಲಿ ಅಣುಬಾಂಬಿನ ಕೆಲಸ. 1945ರ ಜೂನಿನಲ್ಲಿ ಹೆಂಡತಿ ಆರ್ಲೀನ್ ಕ್ಷಯದಿಂದ ತೀರಿಕೊಂಡರು. 1950ರ ನಂತರ ಕ್ಯಾಲ್‌ಟೆಕ್‌ನಲ್ಲಿ ಪಾಠ.

1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಏಳು ಜನ ಸತ್ತರು. ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ, ಕ್ರಿಸ್ಟಾ ಮೆಕಾಲಿಫ್. ತನಿಖೆಗೆ ಫೈನ್‌ಮನ್‌ರನ್ನೂ ಕರೆದರು. ಅಷ್ಟು ಹೊತ್ತಿಗೆ ಅವರಿಗೆ ಕ್ಯಾನ್ಸರ್ ಆಪರೇಷನ್‌ಗಳಾಗಿದ್ದವು, ಆದರೂ ಹೋದರು. ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರ್ ಬಳೆಗಳ ಮೇಲೆ ಅನುಮಾನವಿತ್ತು. ಹಾರಿಸಿದ ಬೆಳಿಗ್ಗೆ ವಿಪರೀತ ಚಳಿ. ಹಾರಿಸಬೇಡಿ ಅಂತ ಹಿಂದಿನ ರಾತ್ರಿಯೇ ಕೆಲವು ಇಂಜಿನಿಯರುಗಳು ಹೇಳಿದ್ದರು, ಯಾರೂ ಕೇಳಲಿಲ್ಲ. ತನಿಖೆಯಲ್ಲಿದ್ದ ಕುಟಿನಾ ಎಂಬ ಸೇನಾಧಿಕಾರಿ ಚಳಿಯ ಸುಳಿವು ಕೊಟ್ಟಿದ್ದರು. ಫೈನ್‌ಮನ್ ಅಂಗಡಿಯಿಂದ ಒಂದು ಸಣ್ಣ ಕ್ಲ್ಯಾಂಪ್ ಕೊಂಡು ತಂದು, ರಬ್ಬರಿನ ಚೂರನ್ನು ಅದರಲ್ಲಿ ಬಿಗಿದು, ಎಲ್ಲರ ಎದುರಿಗೆ ಕುಡಿಯಲು ಇಟ್ಟಿದ್ದ ಐಸ್ ನೀರಿನ ಗ್ಲಾಸಿನಲ್ಲಿ ಅದ್ದಿದರು. ತೆಗೆದು ಕ್ಲ್ಯಾಂಪ್ ಸಡಿಲಿಸಿದರೆ ರಬ್ಬರು ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಹಾಗೆ ಮರಗಟ್ಟಿದ ರಬ್ಬರು ಸಂದಿ ಮುಚ್ಚದೆ ಬಿಸಿ ಅನಿಲ ಹೊರಗೆ ನುಗ್ಗಿತ್ತು.

ಎರಡು ವರ್ಷದ ನಂತರ, 1988ರ ಫೆಬ್ರವರಿ 15ರಂದು ಅವರು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು.