ಬಿಗಿದ ಪಟ್ಟಿಯೊಳಗಿನ ಕೈ

ವೈದ್ಯನೊಬ್ಬನ ಹೆಸರು ಅವನು ಗುಣಪಡಿಸಿದ ರೋಗಿಗಳೊಂದಿಗೆ ಮರೆಯಾಗಿ, ಅವನು ವಿವರಿಸಿದ ರೋಗಕ್ಕೆ ಅಂಟಿಕೊಂಡು ಉಳಿಯುವುದುಂಟು. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ ಪಾಲಿಗೆ ಬಂದದ್ದು ಅಂಥ ಕೀರ್ತಿ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಇಂಗ್ಲಿಷ್ ಉಚ್ಚಾರಣೆಯಂತೆ ವೋಲ್ಕ್‌ಮನ್ ಎಂದು ಕರೆಯಲಾಗುವ ಈತನ ಹೆಸರನ್ನು ಪರೀಕ್ಷೆಗೆ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ. ಮೊಣಕೈ ಅಥವಾ ಮುಂಗೈ ಮುರಿದ ಬಳಿಕ ಮಣಿಕಟ್ಟು ಬಾಗಿ, ಬೆರಳುಗಳು ಹದ್ದಿನ ಉಗುರಿನಂತೆ ಒಳಕ್ಕೆ ಸೆಟೆದು, ಕೈ ಜೀವಮಾನವಿಡೀ ನಿರುಪಯುಕ್ತವಾಗುವ ಸ್ಥಿತಿಗೆ ಅವನ ಹೆಸರನ್ನೇ ಇಡಲಾಗಿದೆ. ಸತ್ತು ನೂರಮೂವತ್ತು ವರ್ಷಗಳೇ ಮೀರಿದ ಈತನನ್ನು ಈಗ ನೆನೆಯಲು ಕಾರಣವಿದೆ. ಆತ 1881ರಲ್ಲಿ ಅಚ್ಚು ಹಾಕಿಸಿದ ಅರಿವು ಧಾರವಾಡ ಜಿಲ್ಲೆಯ ಅಳ್ನಾವರದಂಥ ಊರಿನ ಎಲ್ಲ ಮನೆಗಳಿಗೂ ತಲುಪಿದೆಯೆಂದು ಧೈರ್ಯದಿಂದ ಹೇಳುವ ಹಾಗಿಲ್ಲ.

ಫೋಲ್ಕ್‌ಮನ್ ಹುಟ್ಟಿದ್ದು 1830ರ ಆಗಸ್ಟ್‌ನಲ್ಲಿ, ಲೈಪ್ಜಿಗ್ ನಗರದಲ್ಲಿ. ತಂದೆ ಆಲ್ಫ್ರೆಡ್ ಫೋಲ್ಕ್‌ಮನ್ ಹೆಸರಾಂತ ಶರೀರಕ್ರಿಯಾ ವಿಜ್ಞಾನಿ. ಮುಂದೆ ಹಾಲೆ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದವನು. ಮಗ 1854ರಲ್ಲಿ ಬರ್ಲಿನ್‌ನಲ್ಲಿ ವೈದ್ಯ ಪದವಿ ಪಡೆದು ಹಾಲೆಗೆ ಮರಳಿದ. 1867ರಲ್ಲಿ ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನಾದ ಮೇಲೆ ಕೊನೆಯವರೆಗೂ ಆ ಊರನ್ನು ಬಿಡಲಿಲ್ಲ. 1882ರಲ್ಲಿ ಬರ್ಲಿನ್‌ನ ಪ್ರತಿಷ್ಠಿತ ಪೀಠಕ್ಕೆ ಕರೆ ಬಂದಾಗಲೂ ಒಪ್ಪಲಿಲ್ಲ. ರಾಜಧಾನಿಗೆ ವರ್ಗವಾದರೆ ಬೇಡವೆನ್ನುವವರು ನಮ್ಮ ಸರ್ಕಾರಿ ಸೇವೆಯಲ್ಲಿ ಎಷ್ಟು ವಿರಳವೆಂಬುದನ್ನು ಬಲ್ಲ ನನಗೆ, ಹಾಲೆಯಂಥ ಸಾಧಾರಣ ಪಟ್ಟಣವನ್ನೇ ಶಸ್ತ್ರಚಿಕಿತ್ಸೆಯ ಯಾತ್ರಾಸ್ಥಳವಾಗಿಸಿದ ಈ ಹಟ ವಿಶೇಷವಾಗಿ ಕಾಣುತ್ತದೆ.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಗಳ ನಡುವೆ ಯುದ್ಧ ಆರಂಭವಾಯಿತು. ಸೇನೆಯ ಸಲಹಾ ಶಸ್ತ್ರವೈದ್ಯನಾಗಿ ಫೋಲ್ಕ್‌ಮನ್ ಪ್ಯಾರಿಸ್‌ನ ಮುತ್ತಿಗೆಯ ಕಾಲದಲ್ಲಿ ಆ ನಗರದ ಹೊರವಲಯದಲ್ಲಿದ್ದ. ಹಗಲೆಲ್ಲ ಗುಂಡೇಟು ತಿಂದ ಕೈಕಾಲುಗಳ ನಡುವೆ ಕಳೆದು, ಬಿಡುವಿನಲ್ಲಿ ಮಕ್ಕಳಿಗಾಗಿ ಕಥೆಗಳನ್ನು ಬರೆದು ಸೇನೆಯ ಅಂಚೆಯಲ್ಲಿ ಮನೆಗೆ ಕಳುಹಿಸುತ್ತಿದ್ದ. 1871ರಲ್ಲಿ ರಿಚರ್ಡ್ ಲಿಯಾಂಡರ್ ಎಂಬ ಕಾವ್ಯನಾಮದಲ್ಲಿ ಅವು ಪುಸ್ತಕವಾದವು. ಫ್ರೆಂಚ್ ಅಗ್ಗಿಷ್ಟಿಕೆಯ ಮುಂದೆ ಕಂಡ ಕನಸುಗಳು ಎಂಬರ್ಥದ ಶೀರ್ಷಿಕೆಯ ಆ ಪುಸ್ತಕ ಜರ್ಮನ್ ಮನೆಗಳಲ್ಲಿ ತಲೆಮಾರುಗಳ ಕಾಲ ಆವೃತ್ತಿಯ ಮೇಲೆ ಆವೃತ್ತಿ ಕಂಡಿತು. ಅದರಲ್ಲೊಂದು ಗೂನುಬೆನ್ನಿನ ಪುಟ್ಟ ಹುಡುಗಿಯ ಕಥೆ. ಎಲ್ಲರ ತಾತ್ಸಾರಕ್ಕೆ ಗುರಿಯಾದ ಆ ಹುಡುಗಿ ಸತ್ತಾಗ, ಅವಳ ಗೂನು ಬಿಚ್ಚಿ ಒಳಗಿನಿಂದ ದೇವದೂತರ ಬಿಳಿಯ ರೆಕ್ಕೆಗಳು ಹೊರಬರುತ್ತವೆ. ಎಲುಬು ಕೀಲುಗಳ ವಿಕಾರಗಳನ್ನು ದಿನವೂ ಕಣ್ಣಾರೆ ಕಂಡವನು ಬರೆದ ಕಥೆಯೆಂಬುದನ್ನು ಮರೆತು ಅದನ್ನು ಓದುವುದು ಕಷ್ಟ. ಲಿಯಾಂಡರ್‌ನ ಕೆಲವು ಕವಿತೆಗಳಿಗೆ ಮುಂದೆ ಗುಸ್ತಾವ್ ಮಾಲರ್‌ನಂಥ ಸಂಗೀತಕಾರ ರಾಗ ಸಂಯೋಜಿಸಿದ.

ಯುದ್ಧದಿಂದ ಹಿಂದಿರುಗಿದವನಿಗೆ ಹಾಲೆಯ ಆಸ್ಪತ್ರೆಯಲ್ಲಿ ಕಂಡದ್ದು ಮತ್ತೊಂದು ರಣಭೂಮಿ. ಗಾಯಾಳುಗಳಿಂದ ತುಂಬಿದ ಹಳೆಯ ಕಟ್ಟಡದಲ್ಲಿ ಕೀವು, ವಿಸರ್ಪ, ರಕ್ತನಂಜು ಹಬ್ಬಿ, ಚರ್ಮ ಹರಿದು ಎಲುಬು ಹೊರಬಂದ ಮುರಿತವೆಂದರೆ ಅಂಗಚ್ಛೇದನ ಇಲ್ಲವೇ ಮರಣ ಎಂಬಂತಾಗಿತ್ತು. ಆಗ, 1872ರ ಕೊನೆಯಲ್ಲಿ, ಸ್ಕಾಟ್ಲೆಂಡ್‌ನಲ್ಲಿ ಜೋಸೆಫ್ ಲಿಸ್ಟರ್ ರೂಢಿಸಿದ್ದ ಕಾರ್ಬಾಲಿಕ್ ಆಮ್ಲದ ನಂಜುನಿವಾರಕ ಪದ್ಧತಿಯನ್ನು ಆತ ಪ್ರಯೋಗಕ್ಕೆ ತಂದ. ಫಲಿತಾಂಶ ಎಷ್ಟು ನಿಚ್ಚಳವಾಗಿತ್ತೆಂದರೆ, ಸ್ವದೇಶದಲ್ಲಿಯೇ ಸಂಶಯಕ್ಕೊಳಗಾಗಿದ್ದ ಲಿಸ್ಟರ್‌ನ ವಿಧಾನ ಜರ್ಮನಿಯಲ್ಲಿ ಬೇರೂರಿತು. ತಾನು ಮಾಡುತ್ತಿರುವುದೇ ರೋಗಿಯನ್ನು ಕೊಲ್ಲುತ್ತಿರಬಹುದು ಎಂಬ ಅನುಮಾನವನ್ನು ತನ್ನ ಮೇಲೆಯೇ ಹೊರಿಸಿಕೊಳ್ಳುವ ಈ ಗುಣ ಮುಂದೆಯೂ ಕೆಲಸಕ್ಕೆ ಬಂತು. ಹಾಲೆಯ ಸುತ್ತಲಿನ ಕಂದು ಕಲ್ಲಿದ್ದಲಿನಿಂದ ಡಾಂಬರು, ಪ್ಯಾರಫಿನ್ ತೆಗೆಯುವ ಕಾರ್ಖಾನೆಗಳ ಕೆಲಸಗಾರರಲ್ಲಿ ಚರ್ಮದ ಕ್ಯಾನ್ಸರ್ ಬರುವುದನ್ನು 1875ರಲ್ಲಿ ಗುರುತಿಸಿದವನೂ ಈತನೇ. ಕೈಗಾರಿಕೆಯ ಲೆಕ್ಕಪತ್ರಗಳಲ್ಲಿ ನಮೂದಾಗದ ಅಂಥ ವೆಚ್ಚಗಳ ಬಗ್ಗೆ ಅರ್ಥಶಾಸ್ತ್ರಜ್ಞರು ಬರೆಯತೊಡಗಿದ್ದು ಬಹಳ ತಡವಾಗಿ.

ಇಷ್ಟೆಲ್ಲ ಸಾಧಿಸಿದವನ ಹೆಸರನ್ನು ಉಳಿಸಿದ್ದು 1881ರಲ್ಲಿ ಜರ್ಮನ್ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಚಿಕ್ಕ ಲೇಖನ. ಮುರಿದ ಕೈಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಮೇಲೆ ಕೆಲವರಲ್ಲಿ ಬೆರಳುಗಳು ಚಲನೆ ಕಳೆದುಕೊಂಡು ಸೆಟೆದುಕೊಳ್ಳುತ್ತವೆ ಎಂಬುದು ವೈದ್ಯರಿಗೆ ಗೊತ್ತಿತ್ತು. ನರಕ್ಕೆ ಪೆಟ್ಟಾದದ್ದೇ ಕಾರಣವೆಂದು ಅವರು ನಂಬಿದ್ದರು. ಫೋಲ್ಕ್‌ಮನ್ ಸರಳವಾದ ಒಂದು ವ್ಯತ್ಯಾಸವನ್ನು ಗಮನಿಸಿದ. ನರ ಸತ್ತಾಗ ಮೊದಲು ಅಂಗ ಸಡಿಲವಾಗುತ್ತದೆ, ಸಂಕೋಚ ನಿಧಾನವಾಗಿ ಹಿಂಬಾಲಿಸುತ್ತದೆ. ಇಲ್ಲಿಯಾದರೋ ನಿಶ್ಚಲತೆ ಮತ್ತು ಸಂಕೋಚ ಎರಡೂ ಒಟ್ಟಿಗೇ ಬರುತ್ತವೆ. ಹಾಗಾದರೆ ಕೆಟ್ಟದ್ದು ಸ್ನಾಯುವೇ. ಧಮನಿಯ ರಕ್ತ ದೀರ್ಘಕಾಲ ತಲುಪದೆ ಸ್ನಾಯು ಸತ್ತು, ಶವದ ಅಂಗಗಳು ಸೆಟೆಯುವಂತೆ ಅದು ಬದುಕಿರುವ ದೇಹದಲ್ಲಿಯೇ ಸೆಟೆಯುತ್ತದೆ. ಮುಂದೆ ನಾರಿನಂತಾಗಿ ಕುಗ್ಗುತ್ತದೆ ಎಂಬುದು ಆತನ ನಿರ್ಣಯ. ಆತ ಹೆಸರಿಸಿದ ಅಪರಾಧಿ ಬಿಗಿಯಾದ ಪಟ್ಟಿ, ಅಂದರೆ ವೈದ್ಯನದೇ ಕೈಕೆಲಸ.

ಈ ಮಾತು ಬಂದ ಕಾಲವನ್ನೂ ಗಮನಿಸಬೇಕು. ಡಚ್ ಸೇನಾವೈದ್ಯ ಮಥೈಸನ್ 1852ರಲ್ಲಿ ಪ್ಲಾಸ್ಟರ್ ಪಟ್ಟಿಯನ್ನು ಪ್ರಚಾರಕ್ಕೆ ತಂದಿದ್ದ. ಎಲುಬನ್ನು ಅಲುಗಾಡದಂತೆ ಹಿಡಿದಿಡಲು ಇದಕ್ಕಿಂತ ಅನುಕೂಲವಾದ ಸಾಧನ ಅಲ್ಲಿಯವರೆಗೆ ಇರಲಿಲ್ಲ. ಆದರೆ ಗಟ್ಟಿಯಾದ ಪ್ಲಾಸ್ಟರ್ ಹಿಗ್ಗುವುದಿಲ್ಲ. ಒಳಗಿನ ಕೈ ಮಾತ್ರ ಮುರಿದ ಮೊದಲ ಎರಡು ದಿನ ಊದಿಕೊಳ್ಳುತ್ತಲೇ ಇರುತ್ತದೆ. ಎಕ್ಸ್-ರೇ ಇನ್ನೂ ಇರಲಿಲ್ಲ. ರಂಟ್ಜೆನ್ ಅದನ್ನು ಕಂಡುಹಿಡಿದದ್ದು 1895ರಲ್ಲಿ. ಅಷ್ಟರಲ್ಲಿ ಫೋಲ್ಕ್‌ಮನ್ ತೀರಿಹೋಗಿದ್ದ. 1885ರಲ್ಲಿ ಅವನಿಗೆ ಕುಲೀನ ಪದವಿ ದೊರೆತು ಹೆಸರಿಗೆ ಫಾನ್ ಎಂಬುದು ಸೇರಿತ್ತು. ಆರೋಗ್ಯ ಅದಾಗಲೇ ಕುಸಿದಿತ್ತು. 1889ರ ನವೆಂಬರ್ 28ರಂದು ಯೇನಾದಲ್ಲಿ, ಅರವತ್ತು ತುಂಬುವ ಮೊದಲೇ, ಆತ ನಿಧನ ಹೊಂದಿದ.

ಅವನ ವಿವರಣೆ ಅರ್ಧ ಮಾತ್ರ ಸರಿಯಾಗಿತ್ತು ಎಂಬುದು ನಂತರ ತಿಳಿಯಿತು. ಪಟ್ಟಿಯನ್ನೇ ಕಟ್ಟದ ಕೈಯಲ್ಲೂ ಇದೇ ಗತಿ ಬರುವುದು ಕಂಡುಬಂತು. 1906ರಲ್ಲಿ ಹಿಲ್ಡೆಬ್ರಾಂಟ್ ಎಂಬಾತ ಈ ಸ್ಥಿತಿಗೆ ಫೋಲ್ಕ್‌ಮನ್ ಹೆಸರಿಟ್ಟಾಗಲೇ ಸ್ನಾಯುವಿನೊಳಗಿನ ಒತ್ತಡವನ್ನು ಸಂಶಯಿಸಿದ್ದ. ಅಮೆರಿಕದಲ್ಲಿ ಜೆಪ್ಸನ್ 1926ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ, ಒತ್ತಡವನ್ನು ಬೇಗನೆ ಬಿಡಿಸಿದರೆ ಸಂಕೋಚ ತಪ್ಪುತ್ತದೆಂದು ತೋರಿಸಿದ. ಮುಂಗೈಯ ಸ್ನಾಯುಗಳು ಹಿಗ್ಗದ ಬಿಗಿಯಾದ ಪೊರೆಯೊಳಗೆ ಇರುತ್ತವೆ. ಅಲ್ಲಿ ರಕ್ತ ಸೋರಿ ಊತ ಬಂದರೆ ಒಳಗಿನ ಒತ್ತಡವೇ ಸಣ್ಣ ರಕ್ತನಾಳಗಳನ್ನು ಹಿಸುಕುತ್ತದೆ. ಹೊರಗಿನ ಪಟ್ಟಿ ಅದಕ್ಕೆ ಎರಡನೆಯ ಗೋಡೆ ಕಟ್ಟಿದಂತೆ. ಸುಮಾರು ಆರು ಗಂಟೆ ರಕ್ತ ಸಿಗದಿದ್ದರೆ ಸ್ನಾಯುವಿಗೆ ಮರಳಿ ಸರಿಪಡಿಸಲಾಗದ ಹಾನಿ ಆರಂಭವಾಗುತ್ತದೆ.

ಇದಕ್ಕೆ ಅತಿ ಹೆಚ್ಚು ಬಲಿಯಾಗುತ್ತ ಬಂದವರು ಮಕ್ಕಳು. ಐದರಿಂದ ಎಂಟು ವರ್ಷದ ಮಗು ಮರದಿಂದಲೋ ಕಟ್ಟೆಯಿಂದಲೋ ಚಾಚಿದ ಕೈಯ ಮೇಲೆ ಬಿದ್ದಾಗ ಮೊಣಕೈಗಿಂತ ತುಸು ಮೇಲೆ ತೋಳಿನ ಎಲುಬು ಮುರಿಯುತ್ತದೆ. ಆ ಭಾಗ ಮಕ್ಕಳಲ್ಲಿ ತೆಳ್ಳಗಿರುತ್ತದೆ. ಮುರಿದ ಮೇಲಿನ ತುಂಡಿನ ಚೂಪಾದ ಅಂಚು ಮುಂದಕ್ಕೆ ಬಂದು, ಅಲ್ಲಿಯೇ ಹಾದುಹೋಗುವ ಕೈಯ ಮುಖ್ಯ ಧಮನಿಯನ್ನೂ ನರವನ್ನೂ ಚುಚ್ಚಬಹುದು. ರೋಗನಿರ್ಣಯವೂ ಸುಲಭವಲ್ಲ. ಮಗುವಿನ ಮೊಣಕೈ ಬಹುಪಾಲು ಮೃದ್ವಸ್ಥಿ. ಎಲುಬಾಗುವ ಆರು ಬಿಂದುಗಳು ಹನ್ನೆರಡು ವರ್ಷದವರೆಗೆ ಒಂದೊಂದಾಗಿ ಎಕ್ಸ್-ರೇಯಲ್ಲಿ ಮೂಡುತ್ತವೆ. ಅವುಗಳ ಕ್ರಮ ತಿಳಿಯದವನಿಗೆ ಸಹಜ ಬಿಂದುವೂ ಮುರಿದ ಚೂರಿನಂತೆ, ಮುರಿದ ಚೂರೂ ಸಹಜ ಬಿಂದುವಿನಂತೆ ಕಾಣುತ್ತದೆ. ಅಮೆರಿಕದ ಗಾರ್ಟ್‌ಲ್ಯಾಂಡ್ 1959ರಲ್ಲಿ ಈ ಮುರಿತಗಳನ್ನು ಜರುಗದ್ದು, ಭಾಗಶಃ ಜರುಗಿದ್ದು, ಪೂರ್ಣ ಜರುಗಿದ್ದು ಎಂದು ಮೂರು ದರ್ಜೆಗಳಾಗಿ ವಿಂಗಡಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಚಿಕಿತ್ಸೆಯ ಇತಿಹಾಸವೂ ಫೋಲ್ಕ್‌ಮನ್ ಎತ್ತಿದ ಪ್ರಶ್ನೆಯ ಸುತ್ತಲೇ ಸಾಗಿದೆ. ಎಲುಬು ಮತ್ತೆ ಜರುಗದಿರಲು ಮೊಣಕೈಯನ್ನು ಚೆನ್ನಾಗಿ ಮಡಿಸಿ ಪ್ಲಾಸ್ಟರ್ ಹಾಕುವುದು ಹಳೆಯ ವಾಡಿಕೆ. ಹೆಚ್ಚು ಮಡಿಸಿದಷ್ಟೂ ಎಲುಬು ಭದ್ರ, ಆದರೆ ಧಮನಿ ಹಿಸುಕುವ ಅಪಾಯವೂ ಅಷ್ಟೇ ಹೆಚ್ಚು. 1948ರಲ್ಲಿ ಸ್ವೆನ್ಸನ್, ಅನಂತರ 1974ರಲ್ಲಿ ಫ್ಲಿನ್ ಮುಂತಾದವರು ಎಲುಬನ್ನು ಕೂಡಿಸಿ ಚರ್ಮದ ಮೂಲಕವೇ ಸಣ್ಣ ಲೋಹದ ತಂತಿಗಳನ್ನು ತೂರಿಸುವ ವಿಧಾನದ ಫಲಿತಾಂಶಗಳನ್ನು ಪ್ರಕಟಿಸಿದರು. ಎಲುಬನ್ನು ತಂತಿ ಹಿಡಿದಿಟ್ಟರೆ ಕೈಯನ್ನು ಹೆಚ್ಚು ಮಡಿಸಬೇಕಾಗಿಲ್ಲ, ಪಟ್ಟಿ ಸಡಿಲವಾಗಿದ್ದರೂ ನಡೆಯುತ್ತದೆ. ಸುಸಜ್ಜಿತ ಆಸ್ಪತ್ರೆಗಳಲ್ಲಿ ಫೋಲ್ಕ್‌ಮನ್ ಸಂಕೋಚ ಅಪರೂಪವಾದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಹಾಲೆಯಿಂದ ಅಳ್ನಾವರಕ್ಕೆ ಬರೋಣ. ಹುಬ್ಬಳ್ಳಿ–ಲೋಂಡಾ ರೈಲು ಮಾರ್ಗದಲ್ಲಿ ದಾಂಡೇಲಿಯ ಕವಲು ಹೊರಡುವ ಜಂಕ್ಷನ್ ಇದು. ಒಂದು ಕಡೆ ಬಯಲುಸೀಮೆ, ಇನ್ನೊಂದು ಕಡೆ ಹಳಿಯಾಳದ ಕಾಡು. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾಗಿದೆ. ಧಾರವಾಡದ ಜಿಲ್ಲಾ ಆಸ್ಪತ್ರೆ ಇಲ್ಲಿಂದ ಮೂವತ್ತೈದು ಕಿಲೋಮೀಟರಿನ ಆಸುಪಾಸು. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಇನ್ನೂ ಮುಂದೆ. ಮರ ಹತ್ತುವ ಮಕ್ಕಳಿರುವ, ಮಾವು ನೇರಳೆಗಳಿರುವ ಇಂಥ ಸೀಮೆಯಲ್ಲಿ ಕೈ ಮುರಿದ ಮಗುವನ್ನು ಮೊದಲು ಕರೆದೊಯ್ಯುವುದು ಹಲವೆಡೆ ಎಲುಬು ಕೂಡಿಸುವ ನಾಟಿ ವೈದ್ಯರ ಬಳಿಗೆ. ಇದನ್ನು ಅಜ್ಞಾನವೆಂದು ಜರೆಯುವುದು ನ್ಯಾಯವಲ್ಲ. ವೈದ್ಯ ಹತ್ತಿರದವನು, ಪರಿಚಿತ, ಕೇಳುವ ಹಣ ಕಡಿಮೆ, ತಂದೆಯ ದಿನಗೂಲಿ ತಪ್ಪುವುದಿಲ್ಲ. ಜರುಗದ ಮುರಿತ ಯಾರು ಕಟ್ಟಿದರೂ ಕೂಡುತ್ತದೆ. ಹಾಗೆ ಕೂಡಿದ ನೂರು ಕೈಗಳು ಊರೂರಿಗೆ ಸಾಕ್ಷಿ ಹೇಳುತ್ತವೆ. ಸೆಟೆದ ಒಂದು ಕೈ ಮನೆಯ ಮೂಲೆಯಲ್ಲಿ ಉಳಿಯುತ್ತದೆ. ಆಯ್ದ ಮಾದರಿಯಿಂದ ತೆಗೆದ ಸರಾಸರಿ ಮೋಸಗೊಳಿಸುತ್ತದೆಂದು ನಾವು ಸಂಖ್ಯಾಶಾಸ್ತ್ರದ ಮೊದಲ ಪಾಠದಲ್ಲೇ ಓದಿದ್ದೆವು.

ತೊಂದರೆ ಇರುವುದು ಬಿದಿರಿನ ದಬ್ಬೆಗಳನ್ನಿಟ್ಟು ಬಿಗಿಯಾಗಿ ಸುತ್ತಿ, ಹಲವು ದಿನ ಬಿಚ್ಚಬೇಡಿರೆಂದು ಹೇಳಿ ಕಳುಹಿಸುವುದರಲ್ಲಿ. ಅದಕ್ಕೆ ಮುನ್ನ ಎಣ್ಣೆ ಹಚ್ಚಿ ನೀವುವುದೂ ಮೊಣಕೈಗೆ ಹಿತವಲ್ಲ. ಗಾಯಗೊಂಡ ಸ್ನಾಯುವಿನಲ್ಲಿ ಎಲುಬು ಬೆಳೆದು ಕೀಲು ಜಡವಾಗಬಹುದು. ಅವಸರದಲ್ಲಿ ಸುತ್ತುಪ್ಲಾಸ್ಟರ್ ಹಾಕಿ ಮನೆಗೆ ಕಳುಹಿಸುವ ಪದವೀಧರ ವೈದ್ಯನೂ ಇದೇ ಸಾಲಿನಲ್ಲಿ ನಿಲ್ಲುತ್ತಾನೆ. ಫೋಲ್ಕ್‌ಮನ್ ಬರೆದದ್ದೇ ತನ್ನ ಸಹೋದ್ಯೋಗಿಗಳ ಕೈವಾಡವನ್ನು ಕುರಿತು ಎಂಬುದನ್ನು ಮರೆಯಬಾರದು.

ಸಂಜೆ ಕಟ್ಟು ಹಾಕಿಸಿಕೊಂಡ ಮಗು ರಾತ್ರಿಯಿಡೀ ಅಳುತ್ತದೆ. ಮುರಿದ ಕೈ ನೋಯದೆ ಇರುತ್ತದೆಯೇ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಬೆಳಗಿನ ಜಾವಕ್ಕೆ ಅಳು ನಿಂತರೆ ಕಟ್ಟು ಹಿಡಿಯಿತೆಂದು ನೆಮ್ಮದಿಪಡುತ್ತಾರೆ. ಆ ಹೊತ್ತಿಗೆ ಅರಿವು ಸತ್ತಿರುವ ಸಾಧ್ಯತೆಯಿದೆ. ಕಟ್ಟಿದ ಮೇಲೆ ನೋವು ಇಳಿಯುವ ಬದಲು ಏರುವುದು, ಬಾಗಿದ ಬೆರಳುಗಳನ್ನು ಮೆಲ್ಲನೆ ನೇರ ಮಾಡಿದರೆ ಮಗು ಚೀರುವುದು, ಬೆರಳು ತಣ್ಣಗಾಗಿ ಬಿಳಚುವುದು ಅಥವಾ ನೀಲಿಗಟ್ಟುವುದು ಇದರ ಲಕ್ಷಣಗಳು. ಮಣಿಕಟ್ಟಿನಲ್ಲಿ ನಾಡಿ ಸಿಕ್ಕಿದರೂ ಅಪಾಯ ಇಲ್ಲವೆನ್ನುವಂತಿಲ್ಲ. ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಕತ್ತರಿ ಹಿಡಿದು ಒಳಗಿನ ಹತ್ತಿಯ ಸಮೇತ ಇಡೀ ಪಟ್ಟಿಯನ್ನು ಚರ್ಮ ಕಾಣುವವರೆಗೆ ಕತ್ತರಿಸಿ, ಮೊಣಕೈಯ ಮಡಿಕೆಯನ್ನು ತುಸು ಸಡಿಲಿಸಿ, ಧಾರವಾಡಕ್ಕೋ ಹುಬ್ಬಳ್ಳಿಗೋ ಹೊರಡಬೇಕು. ಆಗಲೂ ಒತ್ತಡ ಇಳಿಯದಿದ್ದರೆ ಅಲ್ಲಿನ ಶಸ್ತ್ರವೈದ್ಯ ಸ್ನಾಯುವಿನ ಪೊರೆಯನ್ನು ಉದ್ದಕ್ಕೆ ಸೀಳಿ ಬಿಡಿಸುತ್ತಾನೆ.

ಇಷ್ಟನ್ನು ತಿಳಿಸಲು ಹೊಸ ಯೋಜನೆಯಾಗಲೀ ಅನುದಾನವಾಗಲೀ ಬೇಕಿಲ್ಲ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಒಂದು ಗಂಟೆ, ಶಾಲೆಯ ಗೋಡೆಯ ಮೇಲೆ ಒಂದು ಚಿತ್ರ ಸಾಕು. ನಾಟಿ ವೈದ್ಯರನ್ನು ಪೊಲೀಸರ ಮೂಲಕ ಹೆದರಿಸುವ ಬದಲು ಕರೆಸಿ ಕೂರಿಸಿ, ಮಕ್ಕಳ ಮೊಣಕೈಯನ್ನು ಮಾತ್ರ ತಾವು ಕಟ್ಟದೆ ಸಡಿಲವಾದ ಜೋಳಿಗೆಯಲ್ಲಿ ತೂಗುಹಾಕಿ ಆಸ್ಪತ್ರೆಗೆ ಕಳುಹಿಸುವಂತೆ ಒಪ್ಪಿಸುವುದು ಹೆಚ್ಚು ಫಲಕಾರಿ. ಊರಿನಲ್ಲಿ ಅವರ ಮಾತಿಗಿರುವ ಬೆಲೆ ಸರ್ಕಾರಿ ಸುತ್ತೋಲೆಗೆ ಇಲ್ಲ.