ಮಹಾಶರಣೆ ಮೋಳಿಗೆಯ ಮಹಾದೇವಮ್ಮನವರ ಚರಿತ್ರೆ

ವೀರಶೈವ ಧರ್ಮವು ಗೃಹಸ್ಥಾಶ್ರಮವನ್ನು ಮುಕ್ತಿಗೆ ತೊಡಕೆಂದು ಬಗೆದುದಿಲ್ಲ. ಹೆಂಡಿರು ಮಕ್ಕಳನ್ನು ತೊರೆದು ಅಡವಿಯನ್ನು ಸೇರಿದವನಿಗೆ ಮಾತ್ರವೇ ಶಿವನು ಒಲಿಯುವನೆಂಬ ಮತವನ್ನು ಕಲ್ಯಾಣದ ಶರಣರು ಒಪ್ಪಲಿಲ್ಲ. ಸತಿಪತಿಗಳಿಬ್ಬರಿಗೂ ಇಷ್ಟಲಿಂಗವುಂಟು, ಇಬ್ಬರಿಗೂ ಪೂಜೆಯುಂಟು, ಇಬ್ಬರಿಗೂ ಕಾಯಕವುಂಟು. ಆದುದರಿಂದ ಶರಣರ ಮನೆಯಲ್ಲಿ ಪತ್ನಿಯು ಪತಿಯೊಡನೆ ಅದೇ ದಾರಿಯನ್ನು ನಡೆಯುವ ಯಾತ್ರಿಕಳು. ಈ ತತ್ತ್ವವನ್ನು ಬಾಳಿ ತೋರಿಸಿದ ದಂಪತಿಗಳಲ್ಲಿ ಮೋಳಿಗೆಯ ಮಾರಯ್ಯನವರೂ ಅವರ ಧರ್ಮಪತ್ನಿ ಮಹಾದೇವಮ್ಮನವರೂ ಅಗ್ರಗಣ್ಯರು. ಬಾಳಿನ ಮೊದಲಲ್ಲಿ ಸಿರಿ, ನಡುವೆ ದುಡಿಮೆ, ಕಡೆಯಲ್ಲಿ ಲಿಂಗೈಕ್ಯದ ಹೊಸ್ತಿಲು ಎಂಬ ಮೂರು ಅವಸ್ಥೆಗಳಲ್ಲಿಯೂ ಆ ಮಹಾತಾಯಿಯು ಪತಿಗೆ ನೆರವಾದ ರೀತಿಯು ಒಂದೊಂದು ಬಗೆಯದು. ಅದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಶರಣರ ಚರಿತ್ರೆಗಳು ಹೇಳುವ ಪ್ರಕಾರ ಮಾರಯ್ಯನವರು ಮೊದಲು ಕಾಶ್ಮೀರದೇಶದಲ್ಲಿ ಮಾಂಡವ್ಯಪುರವೆಂಬ ಪಟ್ಟಣವನ್ನಾಳುತ್ತಿದ್ದ ಮಹಾದೇವಭೂಪಾಲರು. ಮಹಾದೇವಮ್ಮನವರು ಅವರ ಪಟ್ಟದರಸಿ. ಪೂರ್ವದ ನಾಮಧೇಯವು ಗಂಗಾದೇವಿ. ಕ್ರಿಸ್ತಶಕ 12ನೆಯ ಶತಮಾನದ ಮಧ್ಯಭಾಗದಲ್ಲಿ, ಕಳಚುರಿ ಬಿಜ್ಜಳನ ಕಾಲಕ್ಕೆ, ಮಹಾತ್ಮ ಬಸವಣ್ಣನವರ ದಾಸೋಹದ ಕೀರ್ತಿಯು ದೇಶದೇಶಾಂತರಗಳಲ್ಲಿ ಹಬ್ಬಿತು. ಆ ವಾರ್ತೆಯು ಉತ್ತರದ ಆ ಅರಮನೆಯನ್ನೂ ಮುಟ್ಟಲು ಅರಸರ ಚಿತ್ತವು ರಾಜಭೋಗದಿಂದ ಕದಲಿತು. ಮಗನಿಗೆ ರಾಜ್ಯವನ್ನು ಒಪ್ಪಿಸಿ ಕಲ್ಯಾಣಕ್ಕೆ ಹೊರಡುವ ನಿಶ್ಚಯವಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ವೈರಾಗ್ಯವು ತಲೆದೋರಿದ ಅರಸರು ಹಲವರು ನಡುರಾತ್ರಿಯಲ್ಲಿ ಮಡದಿಯನ್ನು ನಿದ್ರೆಯಲ್ಲಿ ಬಿಟ್ಟು ಹೋದ ಕಥೆಗಳನ್ನು ಲೋಕವು ಬಲ್ಲದು. ಮಹಾದೇವಭೂಪಾಲರು ಹಾಗೆ ಮಾಡಲಿಲ್ಲ; ಅರಸಿಯೂ ಅವರನ್ನು ತಡೆಯಲಿಲ್ಲ, ಹಿಂದುಳಿಯಲೂ ಇಲ್ಲ. ತೊರೆಯುವುದನ್ನು ಇಬ್ಬರೂ ಕೂಡಿ ತೊರೆದರು. ಆಕೆಯ ನೆರವಿನ ಮೊದಲ ರೂಪವು ಈ ಸಹತ್ಯಾಗವೇ ಆಗಿದ್ದಿತು. ಹುಟ್ಟಿದ ನಾಡು, ಬಂಧುಬಳಗ, ಆಡುವ ಭಾಷೆ, ಹೆತ್ತ ಮಗ ಇವೆಲ್ಲವನ್ನೂ ಹಿಂದಿಟ್ಟು ಕಾಣದ ಊರಿಗೆ ಕಾಲ್ನಡೆಯಲ್ಲಿ ಹೊರಟ ಹೆಂಗುಸಿನ ಮನಸ್ಸು ಎಷ್ಟು ದೃಢವಾಗಿದ್ದಿರಬೇಕೆಂಬುದನ್ನು ಸಂಸಾರಸ್ಥರಾದ ಭಕ್ತರು ತಾವೇ ಊಹಿಸಿಕೊಳ್ಳಬಹುದು.

ಕಲ್ಯಾಣವನ್ನು ಸೇರಿದ ಮೇಲೆ ಆ ದಂಪತಿಗಳು ಬಸವಣ್ಣನವರ ಮಹಾಮನೆಯಲ್ಲಿ ಅತಿಥಿಗಳಾಗಿ ಕುಳಿತು ಉಣ್ಣಲು ಒಪ್ಪಲಿಲ್ಲ. ಕಾಯಕವಿಲ್ಲದೆ ಪ್ರಸಾದವಿಲ್ಲವೆಂಬುದು ಆ ಊರಿನ ಧರ್ಮವಷ್ಟೆ. ಅರಸರು ಕಾಡಿಗೆ ಹೋಗಿ ಸೌದೆಯನ್ನು ಕಡಿದು, ಹೊರೆಕಟ್ಟಿ, ತಲೆಯ ಮೇಲೆ ಹೊತ್ತು ತಂದು ಮಾರತೊಡಗಿದರು. ಮೋಳಿಗೆಯೆಂದರೆ ಸೌದೆಯ ಹೊರೆ. ಅದರಿಂದಲೇ ಮೋಳಿಗೆಯ ಮಾರಯ್ಯನೆಂಬ ಹೆಸರು ನಿಂತಿತು. ಕಿರೀಟವಿದ್ದ ತಲೆಯ ಮೇಲೆ ಕಟ್ಟಿಗೆಯು ಬಂದುದನ್ನು ಕಂಡು ಮಹಾದೇವಮ್ಮನವರು ಕಣ್ಣೀರಿಡಲಿಲ್ಲ. ಆ ಸೌದೆಯನ್ನು ಮಾರಿ ಬಂದುದರಲ್ಲಿ ಅಂಬಲಿಯನ್ನು ಕಾಯಿಸಿ ಮೊದಲು ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಇಬ್ಬರೂ ಸ್ವೀಕರಿಸುವರು. ಪತಿಯ ಬೆವರು ದಾಸೋಹವಾಗುತ್ತಿದ್ದುದು ಪತ್ನಿಯ ಒಲೆಯ ಮುಂದೆ. ಇದು ಆಕೆಯ ನೆರವಿನ ಎರಡನೆಯ ರೂಪವು.

ಈ ಮನೆಯ ಬಡತನವನ್ನು ಕೇಳಿ ಬಸವಣ್ಣನವರಿಗೆ ಕನಿಕರವುಂಟಾಯಿತು. ಮಾರಯ್ಯನವರು ಕಾಡಿಗೆ ಹೋಗಿದ್ದ ವೇಳೆಯನ್ನು ನೋಡಿ ಅವರು ವೇಷವನ್ನು ಮರೆಸಿಕೊಂಡು ಗುಡಿಸಲಿಗೆ ಬಂದರು. ಬಂದವರು ಯಾರೆಂದು ವಿಚಾರಿಸದೆ ಮಹಾದೇವಮ್ಮನವರು ಎಂದಿನಂತೆ ಅಂಬಲಿಯನ್ನು ನೀಡಿ ಉಪಚರಿಸಿದರು. ಬಸವಣ್ಣನವರು ಯಾರಿಗೂ ತಿಳಿಯದಂತೆ ಹೊನ್ನಿನ ಗಂಟನ್ನು ಮನೆಯೊಳಗೆ ಇರಿಸಿ ಹೊರಟುಹೋದರು. ಸಂಜೆ ಹಿಂದಿರುಗಿದ ಮಾರಯ್ಯನವರು ಅದನ್ನು ಕಂಡು, ತಮ್ಮನ್ನು ಬಡವರೆಂದು ಬಗೆದುದಕ್ಕಾಗಿ ನೊಂದು, ಜಂಗಮರನ್ನು ಕರೆಸಿ ಒಂದು ಹೊನ್ನನ್ನೂ ಉಳಿಸದೆ ಹಂಚಿಬಿಟ್ಟರು. ಬಳಿಕ ಪಾದೋದಕವನ್ನು ಸೌದೆಯ ಮೇಲೆ ತಳಿಯಲು ಅದು ಬಂಗಾರವಾಯಿತೆಂದೂ, ಬಸವಣ್ಣನವರು ತಮ್ಮ ದಾನಿತನದ ಹಮ್ಮಿಗೆ ನಾಚಿದರೆಂದೂ ಪುರಾಣಗಳು ಹೇಳುತ್ತವೆ.

ಪವಾಡವನ್ನು ಭಕ್ತಿಯಿಂದ ಸ್ಮರಿಸಿಕೊಳ್ಳುವವರು ಅದರ ಹಿಂದಿನ ಗೃಹಧರ್ಮವನ್ನೂ ಮರೆಯಬಾರದು. ಮಡದಿಯ ಮನಸ್ಸು ಆ ಗಂಟಿನ ಕಡೆಗೆ ಒಂದಿಷ್ಟು ವಾಲಿದ್ದರೂ ಮಾರಯ್ಯನವರ ವ್ರತಕ್ಕೆ ಮನೆಯೊಳಗೇ ಬಿರುಕು ಹುಟ್ಟುತ್ತಿದ್ದಿತು. ಹಿಂದೆ ಅರಸಿಯಾಗಿದ್ದ ಆಕೆಗೆ ಹೊನ್ನಿನ ಸುಖವು ತಿಳಿಯದ ವಸ್ತುವೇನೂ ಅಲ್ಲ. ಬಲ್ಲವಳಾಗಿಯೂ ಬಯಸದೆ ಹೋದುದರಿಂದಲೇ ಪತಿಯ ಕೈ ಹಂಚುವುದರಲ್ಲಿ ನಡುಗಲಿಲ್ಲ.

ಇನ್ನು ಮೂರನೆಯದೂ ಎಲ್ಲಕ್ಕೂ ಕಠಿಣವಾದುದೂ ಆದ ನೆರವನ್ನು ಹೇಳಬೇಕಾಗಿದೆ. ಬಹುಕಾಲ ಕಾಯಕದಲ್ಲಿ ಸವೆದ ಮಾರಯ್ಯನವರಿಗೆ ಕಡೆಗೆ ಕೈಲಾಸವನ್ನು ಸೇರಬೇಕೆಂಬ ಹಂಬಲವು ಹುಟ್ಟಿತು. ತಮ್ಮ ಇಚ್ಛೆಯನ್ನು ಸತಿಯ ಮುಂದಿಟ್ಟರು. ಲೋಕದ ದೃಷ್ಟಿಯಲ್ಲಿ ಅದು ಪುಣ್ಯವಾದ ಇಚ್ಛೆಯೇ ಸರಿ; ಪತಿವ್ರತೆಯಾದವಳು ಹಾಗೆಯೇ ಆಗಲೆಂದು ತಲೆಬಾಗಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಮಹಾದೇವಮ್ಮನವರು ಒಪ್ಪಲಿಲ್ಲ. ಕೈಲಾಸವೆಂಬುದು ಬೇರೊಂದು ಎಡೆಯಲ್ಲಿದೆಯೆಂದು ತಿಳಿಯುವುದು ಭ್ರಮೆಯೆಂದೂ, ರಾಜ್ಯವನ್ನೇ ಬಿಟ್ಟು ಬಂದವರಿಗೆ ಇನ್ನೊಂದು ಪದವಿಯ ಆಸೆಯು ಸಲ್ಲದೆಂದೂ, ತನ್ನನ್ನು ತಾನರಿತು ಮಾಡುವ ಕಾಯಕದಲ್ಲಿಯೇ ಲಿಂಗದ ನಿಲವನ್ನು ಕಾಣಬೇಕೆಂದೂ ಅವರು ಪತಿಗೆ ತಿಳಿಯಹೇಳಿದರು. ನಾಡನ್ನು ತ್ಯಜಿಸಿದವರಲ್ಲಿಯೂ ಫಲಾಪೇಕ್ಷೆಯು ಸೂಕ್ಷ್ಮವಾಗಿ ಉಳಿದಿರಬಲ್ಲದು. ಅದನ್ನು ಜೀವಮಾನವೆಲ್ಲ ಜೊತೆಯಲ್ಲಿದ್ದ ಕಣ್ಣೇ ಕಾಣಬಲ್ಲದು.

ಮಾರಯ್ಯನವರ ಹಿರಿಮೆಯೂ ಇಲ್ಲಿಯೇ ತೋರುತ್ತದೆ. ಮಡದಿಯ ಮಾತೆಂದು ಅವರು ಅಲಕ್ಷ್ಯಮಾಡಲಿಲ್ಲ, ಮುನಿಯಲೂ ಇಲ್ಲ. ಆಕೆಯ ಅರಿವನ್ನು ತಮ್ಮ ಅರಿವಾಗಿ ಮಾಡಿಕೊಂಡು ಸಂಶಯವನ್ನು ಕಳೆದುಕೊಂಡರು. ತರುವಾಯ ಇಬ್ಬರೂ ಬಯಲಿನಲ್ಲಿ ಬೆರೆದರು. ಈ ಸಂವಾದವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ನಿರೂಪಿತವಾಗಿದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಆ ಮಹಾಗ್ರಂಥದ ಪರಂಪರೆಯಲ್ಲಿ ಗೃಹಿಣಿಯೊಬ್ಬಳ ಮಾತಿಗೆ ಇಂತಹ ಗೌರವವು ದೊರೆತಿರುವುದು ನಮ್ಮ ಮತದ ಹೆಮ್ಮೆಯು.

ಮಾರಯ್ಯನವರ ವಚನಗಳು 800ಕ್ಕೂ ಮೀರಿ ದೊರೆತಿವೆ; ಮಹಾದೇವಮ್ಮನವರವು ಸುಮಾರು 70. ಪತಿಯ ಅಂಕಿತವು ನಿಃಕಳಂಕಮಲ್ಲಿಕಾರ್ಜುನ. ಸತಿಯ ಅಂಕಿತವಾದರೋ ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕಮಲ್ಲಿಕಾರ್ಜುನ. ಪತಿಗೆ ಪ್ರಿಯನಾದ ದೇವನನ್ನೇ ಆಕೆ ಕರೆಯುವಳು. ಆದರೆ ಇಮ್ಮಡಿಯೆಂದು ಕರೆಯುವಳು. ಜೇಡರ ದಾಸಿಮಯ್ಯನವರ ಪತ್ನಿ ದುಗ್ಗಳೆಯೂ, ಅಮರೇಶ್ವರದ ಆಯ್ದಕ್ಕಿ ಮಾರಯ್ಯನವರ ಪತ್ನಿ ಲಕ್ಕಮ್ಮನೂ ಹೀಗೆಯೇ ಪತಿಯ ಹೆಸರನ್ನು ಅಂಕಿತದಲ್ಲಿ ಕೂಡಿಸಿಕೊಂಡವರು. ಆ ಲಕ್ಕಮ್ಮನು ಪತಿಯು ಆಯ್ದು ತಂದ ಅಕ್ಕಿಯು ಅಂದಿನ ಕಾಯಕಕ್ಕೆ ಮಿಕ್ಕುದೆಂದು ಹಿಂದಕ್ಕೆ ಸುರಿದು ಬರಲು ಕಳುಹಿಸಿದ ಕಥೆಯು ಸರ್ವವಿದಿತವೇ ಆಗಿದೆ. ಪ್ರೀತಿಯೂ ಪ್ರತಿವಚನವೂ ಒಂದೇ ನಾಲಗೆಯಲ್ಲಿ ಇರಬಲ್ಲವೆಂಬುದನ್ನು ಈ ತಾಯಂದಿರು ತೋರಿಸಿಕೊಟ್ಟರು.

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಮೋಳಕೇರಾ ಗ್ರಾಮವನ್ನು ಈ ದಂಪತಿಗಳ ನೆಲೆಯೆಂದು ಭಕ್ತರು ಇಂದಿಗೂ ಗೌರವಿಸುತ್ತಾರೆ. ಆದರೆ ಅವರ ಆದರ್ಶಕ್ಕೆ ಊರಿನ ಎಲ್ಲೆಯಿಲ್ಲ. ಬೆಂಗಳೂರಿನ ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಮೊದಲಾದೆಡೆಗಳಲ್ಲಿ ಸತಿಪತಿಗಳಿಬ್ಬರೂ ಬೆಳಗಾದರೆ ತಂತಮ್ಮ ಉದ್ಯೋಗಕ್ಕೆ ಹೊರಡುವ ಮನೆಗಳುಂಟು. ಮಕ್ಕಳು ದೂರದೇಶಗಳನ್ನು ಸೇರಲು ಇಳಿವಯಸ್ಸಿನ ಇಬ್ಬರೇ ಒಬ್ಬರಿಗೊಬ್ಬರು ಆಸರೆಯಾಗಿರುವ ಮನೆಗಳೂ ಉಂಟು. ಹರೆಯದಲ್ಲಿ ಜೊತೆಗೆ ಹೊರಡುವುದು, ಕಷ್ಟದಲ್ಲಿ ಪಾಲುಗೊಳ್ಳುವುದು, ಮುಪ್ಪಿನಲ್ಲಿ ತಪ್ಪನ್ನು ಮೃದುವಾಗಿ ತಿದ್ದುವುದು, ತಿದ್ದಿದಾಗ ಮುನಿಯದೆ ಕೇಳುವುದು: ಇವು ಅಂತಹ ಮನೆಗಳಿಗೂ ಬೇಕಾದ ಧರ್ಮಗಳೇ. ಸದಾ ಹೌದೆನ್ನುವ ಸಂಗಾತಿಗಿಂತ, ಬೇಕಾದೆಡೆಯಲ್ಲಿ ಅಲ್ಲವೆಂದು ಹೇಳಿ ಕೈಬಿಡದೆ ನಿಲ್ಲುವ ಸಂಗಾತಿಯು ದೊಡ್ಡ ಭಾಗ್ಯವು. ಮಹಾದೇವಮ್ಮನವರ ಆ ಅರಿವೂ ಮಾರಯ್ಯನವರ ಆ ವಿನಯವೂ ಶ್ರೀಮಠದ ಸದ್ಭಕ್ತರ ಮನೆಮನೆಗಳಲ್ಲಿ ನೆಲಸುವಂತೆ ಪರಶಿವನು ಕರುಣಿಸಲಿ.